ಹದಿನೈದನೆಯ ಕುರ್ಚಿ

ಈ ಕಥೆ ಶುರುವಾಗುವುದು ಒಂದು ಮೊಣಕಾಲಿನಿಂದ. 2011ರ ಕ್ರಿಸ್ಮಸ್ ದಿನ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಮಾಲೀಕರಿಗೂ ಆಟಗಾರರಿಗೂ ದುಡ್ಡಿನ ಜಗಳ ಹತ್ತಿ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಬಾಗಿಲು ತಿಂಗಳುಗಟ್ಟಲೆ ಮುಚ್ಚಿತ್ತು. 82 ಪಂದ್ಯಗಳ ಋತು 66ಕ್ಕೆ ಇಳಿದು, ಅವತ್ತು ಮೊದಲ ಪಂದ್ಯ. ನಿಕ್ಸ್ ತಂಡ ಬೋಸ್ಟನ್ ಸೆಲ್ಟಿಕ್ಸನ್ನು ಎರಡೇ ಎರಡು ಅಂಕಗಳಿಂದ ಸೋಲಿಸಿತು. ಊರೆಲ್ಲ ಖುಷಿಯಲ್ಲಿದ್ದಾಗ ಇಮಾನ್ ಶಂಪರ್ಟ್ ಎಂಬ ಹೊಸ ಹುಡುಗ ಮೊಣಕಾಲು ಉಳುಕಿಸಿಕೊಂಡು ಹೊರಗೆ ಕೂತಿದ್ದ. ಕೆಲವು ವಾರ ಅವನು ಆಡುವಂತಿರಲಿಲ್ಲ.

ಚೆಂಡು ತಂದು ಆಟ ಕಟ್ಟುವ ಪಾಯಿಂಟ್ ಗಾರ್ಡ್‌ಗಳಿಗೆ ನಿಕ್ಸ್‌ನಲ್ಲಿ ಮೊದಲೇ ಬರ. ಟೈಸನ್ ಚಾಂಡ್ಲರ್ ಎಂಬ ಏಳಡಿಯ ಸೆಂಟರ್‌ನನ್ನು ತರಲು ಹಣ ಹೊಂದಿಸಬೇಕಾಗಿ ಬಂದು, ಅನುಭವಿ ಚಾನ್ಸಿ ಬಿಲಪ್ಸ್‌ನನ್ನು ಬಿಟ್ಟುಕೊಟ್ಟಿದ್ದರು. ಆ ಜಾಗಕ್ಕೆಂದು ಕರೆತಂದ ಬ್ಯಾರನ್ ಡೇವಿಸ್ ಬೆನ್ನುನೋವಿನಿಂದ ಅಂಗಳಕ್ಕೇ ಇಳಿದಿರಲಿಲ್ಲ. ಉಳಿದವರು ಟೋನಿ ಡಗ್ಲಸ್, ಮತ್ತು ವೃತ್ತಿಯ ಸಂಜೆಯಲ್ಲಿದ್ದ ಮೈಕ್ ಬಿಬ್ಬಿ. ಇನ್ನೊಬ್ಬ ಬೇಕಾಗಿತ್ತು. ಬೇಗ ಬೇಕಾಗಿತ್ತು, ಅಗ್ಗಕ್ಕೆ ಬೇಕಾಗಿತ್ತು. ಎರಡು ದಿನ ಕಳೆಯುವಷ್ಟರಲ್ಲಿ, ಡಿಸೆಂಬರ್ 27ರಂದು, ಬೇರೆ ತಂಡ ಕೈಬಿಟ್ಟಿದ್ದ ಒಬ್ಬನನ್ನು ನಿಕ್ಸ್ ಎತ್ತಿಕೊಂಡಿತು. ಪತ್ರಿಕೆಗಳಲ್ಲಿ ಅದೊಂದು ಸಣ್ಣ ಸುದ್ದಿ. ಜೆರೆಮಿ ಲಿನ್, ವಯಸ್ಸು 23.

ಆ ಚಳಿಗಾಲ ನಾನು ಕ್ವೀನ್ಸ್‌ನ ಫ್ಲಶಿಂಗ್‌ನಲ್ಲಿ ಬಾಡಿಗೆಗಿದ್ದೆ. ಆಮೇಲೆ ನಡೆದದ್ದನ್ನು ಈಗಾಗಲೇ ಜಗತ್ತೆಲ್ಲ ಹೇಳಿಯಾಗಿದೆ. ಹೇಳುವವರೆಲ್ಲ ಲಿನ್ 38 ಅಂಕ ಗಳಿಸಿದ ರಾತ್ರಿಯಿಂದಲೇ ಶುರು ಮಾಡುತ್ತಾರೆ. ನನಗೆ ಅದಕ್ಕಿಂತ ಹೆಚ್ಚಾಗಿ ಹೇಳಬೇಕೆನಿಸುವುದು ಆ ಸಣ್ಣ ಸುದ್ದಿಯ ಬಗ್ಗೆ. ಒಂದು ತಂಡ ತನ್ನ ಕೊನೆಯ ಕುರ್ಚಿಗಳನ್ನು ಹೇಗೆ ತುಂಬುತ್ತದೆ, ಆ ಕುರ್ಚಿಯಲ್ಲಿ ಕೂತವನ ಗತಿ ಏನು ಎಂಬುದನ್ನು ನಾನು ಹತ್ತಿರದಿಂದ ಕಂಡ ಚಳಿಗಾಲ ಅದು.

ಲೆಕ್ಕ ಹೀಗಿದೆ ಕೇಳಿ. ಎನ್‌ಬಿಎ ತಂಡವೊಂದು ಋತುವಿನ ನಡುವೆ 15 ಜನರನ್ನು ಇಟ್ಟುಕೊಳ್ಳಬಹುದು. ಐವರು ಆಟ ಶುರು ಮಾಡುತ್ತಾರೆ. ನಂಬಿಕೆಯ ಇನ್ನು ನಾಲ್ವರು ಸರದಿಯ ಮೇಲೆ ಒಳಗೆ ಹೋಗಿಬರುತ್ತಾರೆ. ಆಮೇಲಿನವರನ್ನು ಕೋಚ್ ತಿರುಗಿ ನೋಡುವುದು ಯಾರಿಗಾದರೂ ಗಾಯವಾದಾಗ, ಇಲ್ಲವೇ ಪಂದ್ಯದ ಫಲಿತಾಂಶ ತೀರ್ಮಾನವಾಗಿ ಹೋದಾಗ. ಮೊದಲ ಐವರನ್ನು ಆರಿಸಲು ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳುವವರು ಹದಿಮೂರು, ಹದಿನಾಲ್ಕು, ಹದಿನೈದನೆಯವನನ್ನು ಒಂದು ಮಧ್ಯಾಹ್ನದಲ್ಲಿ ಆರಿಸಿಬಿಡುತ್ತಾರೆ. ಆ ಕೊನೆಯವರ ಒಪ್ಪಂದಕ್ಕೆ ಎಷ್ಟೋ ಸಲ ಖಾತರಿಯೇ ಇರುವುದಿಲ್ಲ. ಲೀಗ್ ಗೊತ್ತುಮಾಡಿದ ದಿನಾಂಕದೊಳಗೆ ಕೈಬಿಟ್ಟರೆ ಉಳಿದ ಸಂಬಳ ಕೊಡಬೇಕಾಗಿಲ್ಲ. ಕೈಬಿಟ್ಟವನ ಹೆಸರು ವೇವರ್ಸ್ ಪಟ್ಟಿಗೆ ಹೋಗುತ್ತದೆ. 48 ಗಂಟೆಯೊಳಗೆ ಬೇರೆ ಯಾವ ತಂಡವಾದರೂ ಅವನ ಒಪ್ಪಂದ ಸಮೇತ ಎತ್ತಿಕೊಳ್ಳಬಹುದು. ಯಾರೂ ಎತ್ತಿಕೊಳ್ಳದಿದ್ದರೆ ಅವನು ಸ್ವತಂತ್ರ, ಎಂದರೆ ನಿರುದ್ಯೋಗಿ. ಆ ವರ್ಷ ಖಾತರಿಯ ಗಡುವು ಫೆಬ್ರುವರಿ 10. ಲಿನ್‌ನ ಸಂಬಳ ಸುಮಾರು 7 ಲಕ್ಷ 60 ಸಾವಿರ ಡಾಲರ್. ನಮ್ಮ ನಿಮ್ಮ ಕಣ್ಣಿಗೆ ದೊಡ್ಡ ಮೊತ್ತ. ಆ ಲೀಗಿನಲ್ಲಿ ಅದು ತಳದ ಮೊತ್ತ.

ಅವನು ಆ ಪಟ್ಟಿಗೆ ಬಂದ ದಾರಿಯನ್ನೂ ಹೇಳಬೇಕು. ತೈವಾನಿನಿಂದ ಬಂದ ದಂಪತಿಯ ಮಗ, ಬೆಳೆದದ್ದು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ. 2006ರಲ್ಲಿ ಅವನ ಹೈಸ್ಕೂಲು ರಾಜ್ಯದ ಚಾಂಪಿಯನ್ ಆಯಿತು. ಆದರೂ ಕ್ರೀಡಾ ವಿದ್ಯಾರ್ಥಿವೇತನ ಕೊಟ್ಟು ಕರೆದ ದೊಡ್ಡ ಕಾಲೇಜು ಒಂದೂ ಇಲ್ಲ. ಹಾರ್ವರ್ಡ್‌ಗೆ ಹೋದ, ಅರ್ಥಶಾಸ್ತ್ರ ಓದಿದ. ತಂಡಗಳು ಹೊಸಬರನ್ನು ಆರಿಸುವ 2010ರ ಡ್ರಾಫ್ಟ್‌ನಲ್ಲಿ 60 ಹೆಸರು ಕೂಗಿದರು, ಅವುಗಳಲ್ಲಿ ಅವನದಿರಲಿಲ್ಲ. ಊರಿನ ಪಕ್ಕದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಕರೆದು ಒಪ್ಪಂದ ಕೊಟ್ಟಿತು. ಒಂದು ವರ್ಷದಲ್ಲಿ 29 ಪಂದ್ಯ ಆಡಿದ, ನಡುನಡುವೆ ರೀನೋದ ಕಿರಿಯರ ಲೀಗಿಗೆ ಕಳಿಸಿದರು. 2011ರ ಡಿಸೆಂಬರ್ 9ರಂದು, ತರಬೇತಿ ಶಿಬಿರದ ಮೊದಲ ದಿನವೇ, ಹೊರಗೆ ಹಾಕಿದರು.

ಏಕೆ ಎಂದು ಕೇಳಿದರೆ ಉತ್ತರ ಆಟದ್ದಲ್ಲ, ಕೂಡು-ಕಳೆಯುವ ಲೆಕ್ಕದ್ದು. ಡಿಆಂಡ್ರೆ ಜೋರ್ಡನ್ ಎಂಬ ಸೆಂಟರ್‌ಗೆ ದೊಡ್ಡ ಮೊತ್ತ ಮುಂದಿಡಲು ವಾರಿಯರ್ಸ್‌ಗೆ ಸಂಬಳ ಮಿತಿಯೊಳಗೆ ಜಾಗ ಬೇಕಾಗಿತ್ತು, ಸಣ್ಣ ಸಣ್ಣ ಸಂಬಳಗಳೂ ಲೆಕ್ಕಕ್ಕೆ ಬಂದವು. ಕೊನೆಗೆ ಕ್ಲಿಪ್ಪರ್ಸ್ ತಂಡ ಅಷ್ಟೇ ಮೊತ್ತ ಕೊಟ್ಟು ಜೋರ್ಡನ್‌ನನ್ನು ಉಳಿಸಿಕೊಂಡಿತು. ವಾರಿಯರ್ಸ್‌ಗೆ ಇತ್ತ ಸೆಂಟರ್ ಸಿಗಲಿಲ್ಲ, ಅತ್ತ ಲಿನ್ ಹೋಗಿಯಾಗಿತ್ತು. ಮೂರು ದಿನದಲ್ಲಿ ಹ್ಯೂಸ್ಟನ್ ರಾಕೆಟ್ಸ್ ಎತ್ತಿಕೊಂಡಿತು. ಅಲ್ಲಿ ಕೈಲ್ ಲೌರಿ, ಗೋರನ್ ಡ್ರಾಗಿಚ್, ಜಾನಿ ಫ್ಲಿನ್ ಎಂದು ಮೂವರು ಗಾರ್ಡ್‌ಗಳು ಮೊದಲೇ ಇದ್ದರು. ಅಭ್ಯಾಸ ಪಂದ್ಯಗಳಲ್ಲಿ ಲಿನ್‌ಗೆ ಸಿಕ್ಕಿದ್ದು ಕೆಲವೇ ನಿಮಿಷ. ಸ್ಯಾಮ್ಯುಯೆಲ್ ಡಾಲೆಂಬರ್ ಎಂಬ ಇನ್ನೊಬ್ಬ ಸೆಂಟರ್‌ಗೆ ಕುರ್ಚಿ ತೆರವು ಮಾಡಬೇಕಾಗಿ, ಡಿಸೆಂಬರ್ 24ರಂದು ಮತ್ತೆ ಹೊರಗೆ. ಎರಡು ವಾರದಲ್ಲಿ ಎರಡು ತಂಡ ಬೇಡವೆಂದದ್ದು ಅವನ ಕೈ, ಕಾಲು, ಕಣ್ಣು ನೋಡಿ ಅಲ್ಲ. ಎರಡು ಸಲವೂ ನಡುವೆ ಬಂದದ್ದು ಏಳಡಿಯ ಇನ್ನೊಬ್ಬ.

ನಿಕ್ಸ್ ಆರಿಸಿದ್ದೂ ಹಾಗೆಯೇ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಕೊನೆಯ ಕುರ್ಚಿ ತುಂಬುವಾಗ ತಂಡಗಳು ಮನುಷ್ಯನನ್ನು ನೋಡುವುದು ಕಡಿಮೆ, ತೂತನ್ನು ನೋಡುವುದೇ ಹೆಚ್ಚು. ಒಂದು ತೂತು ಬಿತ್ತು, ಅದರ ಅಳತೆಗೆ ಹೊಂದುವ ಒಂದು ಮುಚ್ಚಳ ಹುಡುಕಿದರು. ಗಾರ್ಡ್ ಬೇಕು, ಕಡಿಮೆ ಸಂಬಳದವನಾಗಬೇಕು, ಬೇಡವಾದಾಗ ಕಳಿಸುವಂತಿರಬೇಕು. ಮೂರಕ್ಕೂ ಲಿನ್ ಹೊಂದಿದ. ಅವನನ್ನು ಆರಿಸಿದವರ ಮೇಲೆ ನನಗೆ ಸಿಟ್ಟಿಲ್ಲ. ಆ ಗಡಿಬಿಡಿಯ ವರ್ಷದಲ್ಲಿ, ವಾರಕ್ಕೆ ನಾಲ್ಕು ಪಂದ್ಯಗಳ ನಡುವೆ, ಕೊನೆಯವನನ್ನು ಕೂತು ಅಳೆಯಲು ಯಾರಿಗೂ ಪುರುಸೊತ್ತಿರಲಿಲ್ಲ.

ನ್ಯೂಯಾರ್ಕಿಗೆ ಬಂದವನು ಮನೆ ಮಾಡಲಿಲ್ಲ. ಮಾಡುವ ಧೈರ್ಯ ಹೇಗೆ ಬಂದೀತು, ಯಾವ ದಿನ ಹೋಗು ಎನ್ನುತ್ತಾರೋ ಗೊತ್ತಿಲ್ಲ. ಅವನ ಅಣ್ಣ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ದಂತವೈದ್ಯ ಓದುತ್ತಿದ್ದ. ಮ್ಯಾನ್‌ಹಟನ್ನಿನ ಲೋಯರ್ ಈಸ್ಟ್ ಸೈಡ್‌ನಲ್ಲಿದ್ದ ಅಣ್ಣನ ಸಣ್ಣ ಮನೆಯ ಸೋಫಾ ಮೇಲೆ ಮಲಗುತ್ತಿದ್ದ. ಗಾರ್ಡನ್ನಿನ ಬಾಗಿಲಲ್ಲಿ ಕಾವಲಿನವರು ಅವನನ್ನು ಆಟಗಾರನೆಂದು ಗುರುತಿಸದೆ, ತಂಡದ ಸಿಬ್ಬಂದಿಯಿರಬೇಕೆಂದುಕೊಂಡು ತಡೆದದ್ದೂ ಉಂಟು. ಜನವರಿ 17ರಂದು ಎರೀ ಎಂಬ ಊರಿನ ಕಿರಿಯ ತಂಡಕ್ಕೆ ಕಳಿಸಿದರು. ಅಲ್ಲಿ ಜನವರಿ 20ರಂದು 28 ಅಂಕ, 11 ರೀಬೌಂಡ್, 12 ಅಸಿಸ್ಟ್. ಮೂರು ದಿನಕ್ಕೆ ವಾಪಸ್ ಕರೆಸಿದರು, ಆದರೆ ಕರೆಸಿ ಮತ್ತೆ ಬೆಂಚಿನ ತುದಿಯಲ್ಲೇ ಕೂರಿಸಿದರು.

ಆ ವಾರಗಳಲ್ಲಿ ಅವನನ್ನು ನಿಜವಾಗಿ ನೋಡುತ್ತಿದ್ದವರು ಸಹಾಯಕ ಕೋಚ್ ಕೆನ್ನಿ ಅಟ್ಕಿನ್‌ಸನ್. ಬೇರೆಯವರು ಬರುವ ಮೊದಲು ಬಂದು ಅವನ ಜೊತೆ ಅಭ್ಯಾಸ ಮಾಡಿಸುವುದು, ಹಳೆಯ ಪಂದ್ಯಗಳ ದೃಶ್ಯ ಹಾಕಿ ಎಲ್ಲಿ ತಪ್ಪಿದೆ ಎಂದು ತೋರಿಸುವುದು. ಬೆಂಚಿನವರ ಬೆಳಗಿನ ಹೊತ್ತು ಹೀಗೆ ಕಳೆಯುತ್ತದೆ. ಖಾಲಿ ಅಂಗಳ, ಒಬ್ಬ ಸಹಾಯಕ ಕೋಚ್, ಒಬ್ಬ ಮೀಸಲು ಆಟಗಾರ. ಟಿಕೆಟ್ ಕೊಂಡವರು ಯಾರೂ ಅದನ್ನು ನೋಡುವುದಿಲ್ಲ. ಫೆಬ್ರುವರಿಯಲ್ಲಿ ನಾವು ಕಂಡದ್ದೆಲ್ಲ ಆ ಬೆಳಗುಗಳಲ್ಲಿ ತಯಾರಾದದ್ದು ಎಂದು ನಾನು ನಂಬಿದ್ದೇನೆ.

ಇತ್ತ ನಿಕ್ಸ್ ಸೋಲುತ್ತಲೇ ಇತ್ತು. ಫೆಬ್ರುವರಿ 3 ಮುಗಿದಾಗ 8 ಗೆಲುವು, 15 ಸೋಲು. ಕೋಚ್ ಮೈಕ್ ಡಿ'ಆಂಟೋನಿ ಅವರನ್ನು ಕಿತ್ತುಹಾಕಿ ಎಂದು ರೇಡಿಯೊದಲ್ಲಿ ಜನ ಕೂಗಾಡುತ್ತಿದ್ದರು. ನಮ್ಮ ಮನೆಯಲ್ಲಿ ಪಂದ್ಯ ನೋಡುವ ಭಾಗ್ಯವೂ ಇರಲಿಲ್ಲ. ಕೇಬಲ್ ಕಂಪನಿಗೂ ನಿಕ್ಸ್ ಪಂದ್ಯ ತೋರಿಸುವ ವಾಹಿನಿಗೂ ದರದ ಜಗಳ ಬಿದ್ದು, ಹೊಸ ವರ್ಷದಿಂದ ಆ ವಾಹಿನಿಯೇ ಬಂದ್. ಕ್ವೀನ್ಸ್‌ನ ಲಕ್ಷಾಂತರ ಮನೆಗಳದ್ದು ಇದೇ ಕಥೆ. ರೇಡಿಯೊ ಕೇಳುವುದು, ಇಲ್ಲವೇ ಉಪಗ್ರಹ ಡಿಶ್ ಇರುವ ಗೆಳೆಯನ ಮನೆ ಸೇರುವುದು.

ಫೆಬ್ರುವರಿ 4, ಶನಿವಾರ ರಾತ್ರಿ. ಎದುರಾಳಿ ನ್ಯೂಜೆರ್ಸಿ ನೆಟ್ಸ್. ಹಿಂದಿನ ರಾತ್ರಿಯಷ್ಟೇ ಬೋಸ್ಟನ್‌ನಲ್ಲಿ ಎರಡು ಅಂಕಗಳಿಂದ ಸೋತು ಬಂದ ತಂಡ, ಕಾಲುಗಳಲ್ಲಿ ಶಕ್ತಿ ಇಲ್ಲ. ಲಿನ್ ಆ ಹಿಂದಿನ ರಾತ್ರಿ ಮಲಗಿದ್ದು ಅಣ್ಣನ ಸೋಫಾದಲ್ಲೂ ಅಲ್ಲ, ಸಹ ಆಟಗಾರ ಲ್ಯಾಂಡ್ರಿ ಫೀಲ್ಡ್ಸ್ ಮನೆಯ ಸೋಫಾದಲ್ಲಿ. ಗಡುವಿಗೆ ಆರು ದಿನ ಉಳಿದಿತ್ತು. ಅವನನ್ನು ಬಿಟ್ಟು ಬೇರೆಯವನನ್ನು ತರುವ ಯೋಚನೆ ತಂಡದಲ್ಲಿ ಆಗಲೇ ನಡೆದಿತ್ತು. ಡಗ್ಲಸ್‌ಗೆ ಆಟ ಹತ್ತುತ್ತಿಲ್ಲ, ಶಂಪರ್ಟ್ ಮರಳಿ ಬಂದಿದ್ದರೂ ಆಟ ಕಟ್ಟುವುದು ಅವನ ಕಸುಬಲ್ಲ. ಡಿ'ಆಂಟೋನಿ ಬೆಂಚಿನ ಉದ್ದಕ್ಕೂ ನೋಡಿ ಲಿನ್‌ನನ್ನು ಎಬ್ಬಿಸಿದರು. ವಿರಾಮದಲ್ಲಿ ತಂಡದ ದೊಡ್ಡ ತಾರೆ ಕಾರ್ಮೆಲೊ ಆಂಥನಿಯೇ ಕೋಚ್ ಹತ್ತಿರ ಹೋಗಿ, ಈ ಹುಡುಗನನ್ನು ಇನ್ನಷ್ಟು ಆಡಿಸಿ ಎಂದನಂತೆ. ಆಡಿಸಿದರು. 36 ನಿಮಿಷ, 25 ಅಂಕ, 7 ಅಸಿಸ್ಟ್. ನಿಕ್ಸ್ 99, ನೆಟ್ಸ್ 92.

ಅವನು ಮಾಡಿದ್ದೇನು ಎಂದು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇದು ಅರ್ಥವಾಗದಿದ್ದರೆ ಉಳಿದದ್ದೆಲ್ಲ ಪವಾಡದಂತೆ ಕಾಣುತ್ತದೆ. ಲಿನ್ ಚೆಂಡು ಪುಟಿಸುತ್ತಾ ಬರುತ್ತಾನೆ, ಎದುರಿಗೆ ಅವನನ್ನು ಕಾಯುವವನೊಬ್ಬ. ಆಗ ಚಾಂಡ್ಲರ್ ಬಂದು ಆ ಕಾವಲಿನವನ ಮಗ್ಗುಲಲ್ಲಿ ಅಲ್ಲಾಡದೆ ನಿಲ್ಲುತ್ತಾನೆ. ಲಿನ್ ಚಾಂಡ್ಲರನ ಭುಜಕ್ಕೆ ಭುಜ ಉಜ್ಜುವಷ್ಟು ಹತ್ತಿರ ಸುತ್ತಿಕೊಂಡು ಹೋಗುತ್ತಾನೆ. ಕಾಯುವವನು ಚಾಂಡ್ಲರನಿಗೆ ಡಿಕ್ಕಿ ಹೊಡೆದು ಅರ್ಧ ಹೆಜ್ಜೆ ಹಿಂದುಳಿಯುತ್ತಾನೆ. ಆ ಅರ್ಧ ಹೆಜ್ಜೆಯೇ ಎಲ್ಲ. ಚಾಂಡ್ಲರನನ್ನು ಕಾಯುತ್ತಿದ್ದವನು ಈಗ ತೀರ್ಮಾನ ಮಾಡಬೇಕು. ಲಿನ್ ಕಡೆ ಬಂದರೆ ಚಾಂಡ್ಲರ್ ತಿರುಗಿ ಬುಟ್ಟಿಯ ಕಡೆ ಓಡುತ್ತಾನೆ, ಚೆಂಡು ಮೇಲೆ ಎಸೆದರೆ ಸಾಕು. ಬರದಿದ್ದರೆ ಲಿನ್‌ಗೆ ಬುಟ್ಟಿಯವರೆಗೂ ದಾರಿ ಬಿಟ್ಟಂತೆ. ಮೂರನೆಯವನೊಬ್ಬ ನೆರವಿಗೆ ಬಂದರೆ ಮೂಲೆಯಲ್ಲಿ ಯಾರೋ ಒಬ್ಬ ಖಾಲಿ ನಿಂತಿರುತ್ತಾನೆ. ಇದೇ ಪಿಕ್ ಆಂಡ್ ರೋಲ್. ಡಿ'ಆಂಟೋನಿ ಅವರ ಆಟವೆಲ್ಲ ನಿಂತಿರುವುದು ಈ ಒಂದರ ಮೇಲೆ. ಅದನ್ನು ಕ್ಷಣದಲ್ಲಿ ಓದಿ ಮೂರರಲ್ಲಿ ಒಂದನ್ನು ಆರಿಸುವ ಗಾರ್ಡ್ ಇಲ್ಲದೆ ಎರಡು ತಾರೆಗಳಿದ್ದೂ ತಂಡ ಸೊರಗಿತ್ತು. ಬೇಕಾಗಿದ್ದವನು ಅಷ್ಟೂ ದಿನ ಅದೇ ಬೆಂಚಿನ ತುದಿಯಲ್ಲಿ ಕೂತಿದ್ದ.

ಸೋಮವಾರ ಯೂಟಾ ಜಾಝ್. ತಂಡದ ಇನ್ನೊಂದು ತಾರೆ ಅಮಾರೆ ಸ್ಟೌಡಮೈರ್‌ನ ಅಣ್ಣ ಕಾರು ಅಪಘಾತದಲ್ಲಿ ತೀರಿಕೊಂಡಿದ್ದರಿಂದ ಅವನು ಊರಿಗೆ ಹೋಗಿದ್ದ. ಆಂಥನಿ ಆರೇ ನಿಮಿಷಕ್ಕೆ ತೊಡೆಸಂದಿನ ನೋವಿನಿಂದ ಹೊರನಡೆದ. ಹಾಗಾಗಿ ಅವತ್ತು ಗಾರ್ಡನ್ನಿನಲ್ಲಿ ಆಡಿದ್ದು ಹೆಚ್ಚುಕಡಿಮೆ ಮೀಸಲು ತಂಡ. ಮೊದಲ ಬಾರಿಗೆ ಆರಂಭದಿಂದಲೇ ಆಡಿದ ಲಿನ್ 28 ಅಂಕ ಗಳಿಸಿದ. ಜೊತೆಗೆ ಸ್ಟೀವ್ ನೊವಾಕ್ 19.

ನೊವಾಕ್ ಬಗ್ಗೆ ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತೇನೆ. ಆರಡಿ ಹತ್ತಿಂಚು ಎತ್ತರ, ಓಟ ನಿಧಾನ, ಜಿಗಿತ ಕಡಿಮೆ. ಗೊತ್ತಿದ್ದದ್ದು ಒಂದೇ ವಿದ್ಯೆ, ದೂರದಿಂದ ಬುಟ್ಟಿಗೆ ಹಾಕುವುದು. ತಂಡದಿಂದ ತಂಡಕ್ಕೆ ಅಲೆದು, ಅದೇ ಡಿಸೆಂಬರಿನಲ್ಲಿ ಸ್ಯಾನ್ ಆಂಟೋನಿಯೊ ಕೈಬಿಟ್ಟ ಮೇಲೆ ವೇವರ್ಸ್ ಪಟ್ಟಿಯಿಂದಲೇ ನಿಕ್ಸ್‌ಗೆ ಬಂದವನು. ನಾನೀಗ ಹೇಳಿದ ಆ ಮೂಲೆಯಲ್ಲಿ ಖಾಲಿ ನಿಲ್ಲುವವನು ಅವನೇ. ಚೆಂಡು ತರುವವನಿಲ್ಲದಾಗ ಅವನ ವಿದ್ಯೆಗೆ ಬೆಲೆಯಿರಲಿಲ್ಲ. ಲಿನ್ ಬಂದ ಮೇಲೆ ಎದುರಾಳಿಗಳು ಅವನನ್ನು ಒಂದು ಕ್ಷಣವೂ ಬಿಡುವಂತಿರಲಿಲ್ಲ. ಋತು ಮುಗಿದಾಗ ಮೂರು ಅಂಕದ ಎಸೆತಗಳಲ್ಲಿ ಇಡೀ ಎನ್‌ಬಿಎಗೆ ಮೊದಲಿಗ ನೊವಾಕ್, ನೂರಕ್ಕೆ 47.2. ಬೇರೆಯವರು ಎಸೆದ ಇಬ್ಬರು ಒಬ್ಬರಿಗೊಬ್ಬರು ಕೆಲಸ ಕೊಟ್ಟುಕೊಂಡರು. ಮೀಸಲು ಆಟಗಾರರನ್ನು ಒಬ್ಬೊಬ್ಬರಾಗಿ ತೂಗಿದರೆ ಅವರ ಬೆಲೆ ತಿಳಿಯುವುದಿಲ್ಲ, ಯಾರ ಪಕ್ಕ ಯಾರು ನಿಲ್ಲುತ್ತಾರೆ ಎಂದು ನೋಡಬೇಕು. ಇದನ್ನು ನಾನು ಕಲಿತದ್ದು ನೊವಾಕ್‌ನಿಂದ.

ಫೆಬ್ರುವರಿ 8ರಂದು ವಾಷಿಂಗ್ಟನ್‌ನಲ್ಲಿ ಲಿನ್ 23 ಅಂಕ, 10 ಅಸಿಸ್ಟ್. ಇನ್ನು ಅವನನ್ನು ಕಳಿಸುವ ಮಾತೇ ಇಲ್ಲ. ಒಪ್ಪಂದ ಖಾಯಂ ಆಗುವ ದಿನ ಬಂತು, ಫೆಬ್ರುವರಿ 10. ಅವತ್ತು ಶುಕ್ರವಾರ, ಎದುರಾಳಿ ಲಾಸ್ ಏಂಜಲಿಸ್ ಲೇಕರ್ಸ್, ಜೊತೆಗೆ ಕೋಬಿ ಬ್ರಯಂಟ್. ಪಂದ್ಯ ರಾಷ್ಟ್ರೀಯ ವಾಹಿನಿಯಲ್ಲಿತ್ತು, ಹಾಗಾಗಿ ನಮ್ಮ ಕೇಬಲ್ಲಿಗೂ ಬಂತು.

ಫ್ಲಶಿಂಗ್ ಗೊತ್ತಿರುವವರಿಗೆ ಗೊತ್ತು. ಬೌನ್ ಸ್ಟ್ರೀಟಿನಲ್ಲಿ ಗಣೇಶನ ಗುಡಿ, 1977ರಿಂದ ಇದೆ. ಅದರ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ದೋಸೆ ತಿನ್ನಲು ಕನ್ನಡದವರು, ತಮಿಳರು, ತೆಲುಗರು ಎಲ್ಲ ಸೇರುತ್ತೇವೆ. ಅಲ್ಲಿಂದ ಸ್ವಲ್ಪ ನಡೆದರೆ ಮೇನ್ ಸ್ಟ್ರೀಟ್, ಏಳನೆಯ ನಂಬರ್ ರೈಲಿನ ಕೊನೆಯ ನಿಲ್ದಾಣ, ಬೀದಿಯ ಉದ್ದಕ್ಕೂ ಚೀನೀ ಮತ್ತು ತೈವಾನೀ ಅಂಗಡಿಗಳು. ಒಂದು ಬೀದಿಯವರು ಇನ್ನೊಂದು ಬೀದಿಗೆ ಕಾಯಿಪಲ್ಲೆಗೆ ಹೋಗುತ್ತೇವೆಯೇ ಹೊರತು ಕೂತು ಮಾತಾಡಿದ್ದು ಕಡಿಮೆ. ಆ ರಾತ್ರಿ ನಾನೂ ಒಬ್ಬ ಗೆಳೆಯನೂ ಮೇನ್ ಸ್ಟ್ರೀಟಿನ ಒಂದು ಚಹಾ ಅಂಗಡಿಗೆ ಹೋದೆವು. ಗಾಜಿನ ಬಾಗಿಲಿಗೆ ಚೀನೀ ಅಕ್ಷರದ ಒಂದು ಕೈಬರಹದ ಕಾಗದ, ನಮಗೆ ಓದಲು ಬಂದದ್ದು ಅದರಲ್ಲಿದ್ದ 17 ಮಾತ್ರ. ಅದು ಅವನ ಅಂಗಿಯ ನಂಬರ್. ಒಳಗೆ ಕೂರಲು ಜಾಗವಿಲ್ಲ. ಗೋಡೆಯ ಮೇಲೆ ಟಿವಿ, ಅದರ ಕೆಳಗೆ ಹಬೆಯಾಡುವ ಪಾತ್ರೆಯಲ್ಲಿ ಚಹಾ ಮೊಟ್ಟೆ, ಮುದುಕರು ಟೋಪಿ ಕೋಟು ತೆಗೆಯದೆ ನಿಂತಿದ್ದರು.

ಲೇಕರ್ಸ್ ಪಂದ್ಯದ ಹಿಂದಿನ ರಾತ್ರಿ ಪತ್ರಕರ್ತರು ಲಿನ್ ಬಗ್ಗೆ ಕೇಳಿದಾಗ, ಅವನ ಆಟ ನಾನು ನೋಡಿಯೇ ಇಲ್ಲ ಎಂಬ ಅರ್ಥದ ಮಾತನ್ನು ಕೋಬಿ ಹೇಳಿದ್ದ. ಅಂಗಡಿಯಲ್ಲಿದ್ದ ಪ್ರತಿಯೊಬ್ಬರಿಗೂ ಅದು ಬಾಯಿಪಾಠ. ಲಿನ್ ಬುಟ್ಟಿ ಹಾಕಿದಾಗಲೆಲ್ಲ "ಶುಹಾವ್, ಶುಹಾವ್" ಎಂದು ಅವನ ಮನೆಯ ಹೆಸರು ಕೂಗುತ್ತಿದ್ದರು. ನನ್ನ ಪಕ್ಕ ನಿಂತಿದ್ದ ಒಬ್ಬ ಅಜ್ಜ ಕೂಗಲಿಲ್ಲ. ಪ್ರತಿ ಬುಟ್ಟಿಗೂ ತನ್ನ ಅಂಗೈ ಮೇಲೆ ಬೆರಳಿನಿಂದ ಅಂಕ ಬರೆದುಕೊಳ್ಳುತ್ತಿದ್ದ. ಇಪ್ಪತ್ತು ದಾಟಿತು, ಮೂವತ್ತು ದಾಟಿತು. ಕೋಬಿ 34ಕ್ಕೆ ನಿಂತ. ಲಿನ್ 38. ಪಂದ್ಯ 92-85ರಲ್ಲಿ ಮುಗಿದಾಗ ಅಜ್ಜ ನನ್ನ ಕಡೆ ತಿರುಗಿ ಏನೋ ಉದ್ದ ಹೇಳಿದ. ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ, ಅವನು ತಲೆ ಆಡಿಸಿ ಕೈ ಕುಲುಕಿದ. ಅಂಗಡಿಯವಳು ಚಹಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಮಂಗಳವಾರ ಟೊರಾಂಟೊದ ಪಂದ್ಯಕ್ಕೆ ಮತ್ತೆ ರೇಡಿಯೊ. 87-87 ಸಮ, ಕೊನೆಯ ಇಪ್ಪತ್ತು ಸೆಕೆಂಡು, ಚೆಂಡು ಲಿನ್ ಕೈಯಲ್ಲಿ. ಡಿ'ಆಂಟೋನಿ ಟೈಂಔಟ್ ಕರೆಯಲಿಲ್ಲ. ಹತ್ತು ದಿನದ ಹಿಂದೆ ಹೆಸರು ಹಿಡಿದು ಕರೆಯದಿದ್ದವನ ಕೈಯಲ್ಲಿ ಚೆಂಡು ಬಿಟ್ಟು, ನೀನೇ ನೋಡಿಕೋ ಎಂದು ಕೈ ಬೀಸಿ ನಿಂತರು. ನನಗೆ ಆ ಚಳಿಗಾಲದ ಅತಿ ದೊಡ್ಡ ಕ್ಷಣ ಇದೇ, ಎಸೆತಕ್ಕಿಂತ ದೊಡ್ಡದು. ಹೊಸೆ ಕಾಲ್ಡೆರಾನ್ ಎದುರು ನಿಂತಿದ್ದಂತೆ, ಗಡಿಯಾರದಲ್ಲಿ ಅರ್ಧ ಸೆಕೆಂಡು ಉಳಿದಿರುವಾಗ ಮೂರು ಅಂಕದ ಬುಟ್ಟಿ ಬಿತ್ತು. ಟೊರಾಂಟೊದ ಪ್ರೇಕ್ಷಕರೇ ಎದ್ದು ಕೂಗಿದ್ದು ನಮ್ಮ ರೇಡಿಯೊದಲ್ಲಿ ಕೇಳಿಸಿತು. ಮರುದಿನ ಸ್ಯಾಕ್ರಮೆಂಟೊ ಮೇಲಿನ ಗೆಲುವು ಸೇರಿ ಸತತ ಏಳು, 8-15 ಇದ್ದದ್ದು 15-15 ಆಯಿತು. ಆರಂಭದಿಂದ ಆಡಿದ ಮೊದಲ ಐದು ಪಂದ್ಯಗಳಲ್ಲಿ ಲಿನ್ ಗಳಿಸಿದ್ದು 136 ಅಂಕ. 1976ರಲ್ಲಿ ಎನ್‌ಬಿಎ ಮತ್ತು ಅದರ ಪ್ರತಿಸ್ಪರ್ಧಿ ಲೀಗ್ ಒಂದಾದ ಮೇಲೆ ಬೇರೆ ಯಾರೂ ಮೊದಲ ಐದರಲ್ಲಿ ಅಷ್ಟು ಗಳಿಸಿರಲಿಲ್ಲ.

ಕೇಬಲ್ ಜಗಳ ಫೆಬ್ರುವರಿ 17ರಂದು ಮುಗಿಯಿತು. ಊರೆಲ್ಲ ಕೇಳುತ್ತಿದ್ದದ್ದು ಅವನೊಬ್ಬನನ್ನು, ಆ ಒತ್ತಡಕ್ಕೆ ಎರಡೂ ಕಡೆಯವರು ಬಗ್ಗಿದರು ಎಂದೇ ನಾವೆಲ್ಲ ಮಾತಾಡಿಕೊಂಡೆವು. ಅವತ್ತೇ ನ್ಯೂ ಆರ್ಲಿಯನ್ಸ್ ಎದುರು ಸೋಲು, ಲಿನ್ ಒಂಬತ್ತು ಸಲ ಚೆಂಡು ಕಳೆದುಕೊಂಡ. ಮುಂದಿನ ವಾರ ಮಯಾಮಿಯಲ್ಲಿ ಹನ್ನೊಂದು ಎಸೆತದಲ್ಲಿ ಒಂದೇ ಬುಟ್ಟಿ. ಎದುರಾಳಿಗಳು ಅವನನ್ನು ಓದಿಕೊಂಡಿದ್ದರು, ಅದು ಸಹಜ. ಮಾರ್ಚ್ 14ಕ್ಕೆ ಡಿ'ಆಂಟೋನಿ ರಾಜೀನಾಮೆ ಕೊಟ್ಟರು. ತಿಂಗಳ ಕೊನೆಯ ಹೊತ್ತಿಗೆ ಲಿನ್‌ಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಬೇಕೆಂದಾಯಿತು, ಆ ಋತುವಿನಲ್ಲಿ ಮತ್ತೆ ಆಡಲಿಲ್ಲ.

ಹಾಗಾದರೆ ಅವನನ್ನು ಯಾರೂ ಮೊದಲೇ ಕಂಡಿರಲಿಲ್ಲವೇ? ಒಬ್ಬ ಕಂಡಿದ್ದ. ಕೊರಿಯರ್ ಗಾಡಿ ಓಡಿಸುವ ಒಬ್ಬ ಬ್ಯಾಸ್ಕೆಟ್‌ಬಾಲ್ ಪ್ರೇಮಿ 2010ರಲ್ಲೇ, ಡ್ರಾಫ್ಟ್‌ಗೆ ಮುಂಚೆ, ಲಿನ್‌ನ ಕಾಲೇಜು ಅಂಕಿ-ಅಂಶ ಕೂಡಿಸಿ ಬರೆದಿದ್ದ. ಎರಡು ಅಂಕದ ಎಸೆತಗಳಲ್ಲಿ ಅವನ ಸಫಲತೆ ಎಷ್ಟು, ರೀಬೌಂಡ್, ಕಸಿದ ಚೆಂಡು, ತಡೆದ ಎಸೆತ ಸೇರಿಸಿದರೆ ಎಷ್ಟು ಎಂದು ಲೆಕ್ಕ ಹಾಕಿ, ಈತ ಎನ್‌ಬಿಎ ಗಾರ್ಡ್ ಆಗಬಲ್ಲ ಎಂದಿದ್ದ. ಆಗ ರಾಕೆಟ್ಸ್‌ನಲ್ಲಿದ್ದ ಡ್ಯಾರಿಲ್ ಮೋರಿ, ಅಂಕಿ-ಅಂಶಗಳ ಮೇಲೆ ತಂಡ ಕಟ್ಟುವುದಕ್ಕೇ ಹೆಸರಾದವರು, ಅವನನ್ನು ಉಳಿಸಿಕೊಳ್ಳಬೇಕಾಗಿತ್ತು ಎಂದು ಆ ಫೆಬ್ರುವರಿಯಲ್ಲೇ ಬಹಿರಂಗವಾಗಿ ಒಪ್ಪಿಕೊಂಡರು. ಅಂಕಿಗಳು ಎಲ್ಲರ ಮುಂದೆಯೂ ಇದ್ದವು. ಏಷ್ಯಾದ ಮುಖ, ಹಾರ್ವರ್ಡ್ ಪದವಿ, ಇವು ಅಂಕಿಗಳಿಗಿಂತ ಮೊದಲು ಕಣ್ಣಿಗೆ ಬಿದ್ದವು ಎಂಬುದು ನನ್ನ ಅಭಿಪ್ರಾಯ. ಮೇನ್ ಸ್ಟ್ರೀಟಿನವರಿಗೆ ಅದು ಅಭಿಪ್ರಾಯವಲ್ಲ, ಅನುಭವ.

ಆ ಬೇಸಿಗೆಯಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ವೇವರ್ಸ್ ಪಟ್ಟಿಯಿಂದ ಬಂದವನನ್ನು, ಸಂಬಳ ಮಿತಿ ಮೀರಿದ್ದರೂ ತಂಡ ಉಳಿಸಿಕೊಳ್ಳಬಹುದೇ? ಲೀಗ್ ಇಲ್ಲವೆಂದಿತು, ಆಟಗಾರರ ಸಂಘ ಹೌದೆಂದಿತು. ಮಧ್ಯಸ್ಥಗಾರರು ಜೂನ್‌ನಲ್ಲಿ ಆಟಗಾರರ ಪರ ತೀರ್ಪು ಕೊಟ್ಟರು. ಕೈಬಿಟ್ಟ ಮಾತ್ರಕ್ಕೆ ಮೀಸಲು ಆಟಗಾರನ ಹಿಂದಿನ ಸೇವೆ ಅಳಿಸಿಹೋಗುವುದಿಲ್ಲ ಎಂದಾಯಿತು. 38 ಅಂಕದ ರಾತ್ರಿಯಷ್ಟು ಸದ್ದು ಅದಕ್ಕಾಗಲಿಲ್ಲ, ಆದರೆ ಬೆಂಚಿನ ತುದಿಯವರಿಗೆ ಅದರಿಂದ ಆದ ಉಪಕಾರ ದೊಡ್ಡದು. ನೊವಾಕ್ ನಾಲ್ಕು ವರ್ಷದ ಒಪ್ಪಂದ ಪಡೆದ. ಲಿನ್‌ಗೆ ಹ್ಯೂಸ್ಟನ್ ಮೂರು ವರ್ಷಕ್ಕೆ ಸುಮಾರು 2.5 ಕೋಟಿ ಡಾಲರ್ ಮುಂದಿಟ್ಟಿತು. ಕೈಬಿಟ್ಟ ತಂಡವೇ ಅಷ್ಟು ಕೊಟ್ಟು ಕರೆಯಿತು. ಮೂರನೆಯ ವರ್ಷದ ಭಾರೀ ಸಂಬಳ ಮತ್ತು ಅದರ ಮೇಲಿನ ತೆರಿಗೆಗೆ ಹೆದರಿ ನಿಕ್ಸ್ ಸರಿಗಟ್ಟಲಿಲ್ಲ. ಫ್ಲಶಿಂಗ್‌ನಲ್ಲಿ ಅನೇಕರು ಆಮೇಲೆ ನಿಕ್ಸ್ ನೋಡುವುದನ್ನೇ ಬಿಟ್ಟರು. ನಾನು ಬಿಡಲಿಲ್ಲ, ಏಕೆಂದರೆ ಮುಂದಿನ ಋತುವಿನ ಬೆಂಚನ್ನು ಅವರು ಚೆನ್ನಾಗಿ ತುಂಬಿದ್ದರು. ಅರ್ಜೆಂಟಿನಾದ ಪಾಬ್ಲೊ ಪ್ರಿಜಿಯೊನಿ, 35ನೆಯ ವಯಸ್ಸಿನಲ್ಲಿ ಎನ್‌ಬಿಎಗೆ ಹೊಸಬ. ಕ್ರಿಸ್ ಕೋಪ್‌ಲ್ಯಾಂಡ್, ಬೆಲ್ಜಿಯಂ ಕಡೆ ಆಡಿಕೊಂಡಿದ್ದವನು, ತರಬೇತಿ ಶಿಬಿರದಲ್ಲಿ ಕೊನೆಯ ಕುರ್ಚಿ ಗೆದ್ದು 28ನೆಯ ವಯಸ್ಸಿನಲ್ಲಿ ಒಳಗೆ ಬಂದವನು. ಋತುವಿನ ಕೊನೆಗೆ ಒಂದೇ ಪಂದ್ಯದಲ್ಲಿ 33 ಅಂಕ ಹೊಡೆದ. ಆ ವರ್ಷ ನಿಕ್ಸ್ 54 ಪಂದ್ಯ ಗೆದ್ದಿತು.

ಈಗ ತಂಡಗಳಲ್ಲಿ 15ರ ಆಚೆಗೆ ಎರಡು-ದಾರಿಯ ಒಪ್ಪಂದದವರೂ ಇರುತ್ತಾರೆ, ಕಿರಿಯರ ಲೀಗಿಗೂ ಇಲ್ಲಿಗೂ ಓಡಾಡುವವರು. 2017ರಲ್ಲಿ ಬಂದ ಪದ್ಧತಿ ಅದು. ಸೋಫಾ ಮೇಲೆ ಮಲಗುವವರಿಗೆ ಅಷ್ಟರಮಟ್ಟಿಗೆ ಒಂದು ನೆಲೆ.

ಲಿನ್ ಆಮೇಲೆ ಊರೂರು ಸುತ್ತಿದ. 2019ರ ಫೆಬ್ರುವರಿಯಲ್ಲಿ ಟೊರಾಂಟೊ ರ‍್ಯಾಪ್ಟರ್ಸ್ ಮೂವರನ್ನು ಕೊಟ್ಟು ಮಾರ್ಕ್ ಗಸೋಲ್‌ನನ್ನು ತಂದಿತ್ತು, ಬೆಂಚು ಬರಿದಾಗಿತ್ತು. ಅದೇ ಹೊತ್ತಿಗೆ ಗಾರ್ಡ್ ಫ್ರೆಡ್ ವ್ಯಾನ್‌ವ್ಲೀಟ್ ಹೆಬ್ಬೆರಳಿಗೆ ಪೆಟ್ಟು ಮಾಡಿಕೊಂಡ. ಅಟ್ಲಾಂಟಾ ಬಿಟ್ಟುಕೊಟ್ಟಿದ್ದ ಲಿನ್‌ನನ್ನು ಟೊರಾಂಟೊ ಕರೆಯಿತು. ವ್ಯಾನ್‌ವ್ಲೀಟ್ ಕೂಡ ಡ್ರಾಫ್ಟ್‌ನಲ್ಲಿ ಹೆಸರು ಬರದವನೇ, ಶಿಬಿರದಲ್ಲಿ ಕೊನೆಯ ಜಾಗ ಗೆದ್ದು ಮೇಲೆ ಬಂದವನು. ಅವನು ಗುಣವಾಗಿ ಮರಳಿದ ಮೇಲೆ ಲಿನ್‌ಗೆ ಆಟ ಸಿಗಲಿಲ್ಲ. ಟೊರಾಂಟೊ ತಲುಪಿದ ಫೈನಲ್ಸ್‌ನಲ್ಲಿ ಅವನು ಆಡಿದ್ದು ಒಟ್ಟು ಒಂದು ನಿಮಿಷವೂ ತುಂಬಲಿಲ್ಲ. ಜೂನ್ 13ರಂದು ಆರನೆಯ ಪಂದ್ಯ ನಡೆದದ್ದು ಓಕ್‌ಲ್ಯಾಂಡ್‌ನಲ್ಲಿ, ಅವನನ್ನು ಮೊದಲು ಕರೆದು ಮೊದಲು ಕೈಬಿಟ್ಟ ವಾರಿಯರ್ಸ್ ಮನೆಯಲ್ಲಿ. ಲಿನ್ ಇಡೀ ಪಂದ್ಯ ಬೆಂಚಿನಲ್ಲಿದ್ದ, ಗೆದ್ದ ತಂಡದ ಉಂಗುರ ಅವನಿಗೂ ಬಂತು. ಅಂಗಳದಲ್ಲಿ ವಾರಿಯರ್ಸ್‌ನ ಸ್ಟೆಫ್ ಕರಿಯ ಬೆನ್ನುಹತ್ತಿ, ಕೊನೆಯ ಕ್ವಾರ್ಟರಿನಲ್ಲಿ ಒಂದರ ಹಿಂದೊಂದು ಮೂರು ಅಂಕದ ಬುಟ್ಟಿ ಹಾಕಿ, 22 ಅಂಕ ಗಳಿಸಿ ಚಾಂಪಿಯನ್‌ಷಿಪ್ ಗೆಲ್ಲಿಸಿಕೊಟ್ಟವರಲ್ಲಿ ವ್ಯಾನ್‌ವ್ಲೀಟ್ ಒಬ್ಬ.